ಗಂಧ ಸರ್ಕಾರದ್ದು, ಎಣ್ಣೆ ನಮ್ಮದು

ಮಕ್ಕಳಿಗೆ ಸಮಾಜಶಾಸ್ತ್ರ ಪಾಠ ಮಾಡುತ್ತ ಮೂರು ತಾಲ್ಲೂಕುಗಳಲ್ಲಿ ತಿರುಗಿದವಳು ನಾನು. ಮೊದಲು ಹೊಸನಗರ, ಆಮೇಲೆ ತೀರ್ಥಹಳ್ಳಿ, ಈಗ ಸಾಗರ. ಹೋದಲ್ಲೆಲ್ಲ ಪಾಠ ಒಂದೇ. ಕೆಳದಿ, ಇಕ್ಕೇರಿ, ಬಿದನೂರು ಎಂದು ರಾಜಧಾನಿಗಳ ಹೆಸರು ಬರೆಸಬೇಕು. 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದ ಎಂದು ಗಟ್ಟಿಮಾಡಿಸಬೇಕು. ಮಕ್ಕಳು ಇಸವಿಗಳನ್ನು ಪರೀಕ್ಷೆಯವರೆಗೆ ನೆನಪಿಟ್ಟುಕೊಂಡು ಬೇಸಿಗೆ ರಜೆಯಲ್ಲಿ ಮರೆತುಬಿಡುತ್ತವೆ. ಆದರೆ ಅದೇ ಮಕ್ಕಳನ್ನು "ನಿಮ್ಮ ಅಜ್ಜಿಮನೆಯ ಬಚ್ಚಲು ಹೇಗಿತ್ತು?" ಎಂದು ಕೇಳಿ ನೋಡಿ. ಹಂಡೆಯ ಮಸಿ, ಒಲೆಯ ಹೊಗೆ, ತಲೆಗೆ ತಿಕ್ಕಿದ ಎಣ್ಣೆಯ ಕಂಪು, ಕಣ್ಣಿಗೆ ಹೋದ ಸೀಗೆಪುಡಿಯ ಉರಿ ಎಲ್ಲವನ್ನೂ ಒಂದೂ ಬಿಡದೆ ಹೇಳುತ್ತವೆ. ಇದೂ ಚರಿತ್ರೆಯೇ ಅಲ್ಲವೇ ಎಂದು ನನಗೆ ಬಹಳ ಸಲ ಅನ್ನಿಸಿದೆ. ಪುಸ್ತಕದಲ್ಲಿ ಮಾತ್ರ ಅದಕ್ಕೆ ಜಾಗವಿಲ್ಲ.

ಈಗ ನಮ್ಮ ಪೇಟೆಯ ಫ್ಯಾನ್ಸಿ ಅಂಗಡಿಗಳಲ್ಲೂ ಹೆಬ್ಬೆರಳುದ್ದದ ಕಪ್ಪು ಬಾಟಲಿಗಳು ಬಂದಿವೆ. ಲ್ಯಾವೆಂಡರ್, ನಿಂಬೆಹುಲ್ಲು, ಶ್ರೀಗಂಧ, ಪುದೀನ ಎಂದು ಚೀಟಿ. ಇದಕ್ಕೆ 'ಅರೋಮಾಥೆರಪಿ' ಎನ್ನುತ್ತಾರೆ. ಎರಡು ಹನಿ ಮೂಸಿದರೆ ತಲೆಬಿಸಿ ಇಳಿಯುತ್ತದಂತೆ, ಮನಸ್ಸು ಹಗುರವಾಗುತ್ತದಂತೆ. ನಮ್ಮ ಸ್ಟಾಫ್ ರೂಮಿನ ಕಿರಿಯ ಟೀಚರುಗಳು ಚೀಲದಲ್ಲಿ ಇಟ್ಟುಕೊಂಡು ಓಡಾಡುತ್ತಾರೆ. ಅವರನ್ನು ಕಂಡು ನಗುವವಳು ನಾನಲ್ಲ. ಬೆಳಗಿನ ತಿಂಡಿ, ಡಬ್ಬಿ, ಬಸ್ಸು, ಮೌಲ್ಯಮಾಪನ, ಸಂಜೆ ಮತ್ತೆ ಅಡುಗೆ—ಈ ಗಾಣದಲ್ಲಿ ತಿರುಗುವವರಿಗೆ ತಲೆಬಿಸಿ ಎಂದರೇನೆಂದು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಆದರೆ ಆ ಬಾಟಲಿ ದೂರದ ಯಾವುದೋ ದೇಶದ ಹೊಸ ಸಂಗತಿ ಎಂದು ಅವರು ತಿಳಿದದ್ದು ಕಂಡಾಗ, ನಮ್ಮ ಸೀಮೆಯ ಎಣ್ಣೆಯ ಕತೆಯನ್ನು ಬರೆದಿಡೋಣ ಎನ್ನಿಸಿತು.

ಬರೆದಿಟ್ಟ ಕತೆಯಿಂದಲೇ ಶುರುಮಾಡುತ್ತೇನೆ. ಕನ್ನಡದಲ್ಲಿ ಸುಮಾರು 1025ರಷ್ಟು ಹಿಂದೆಯೇ ಚಾವುಂಡರಾಯನೆಂಬ ಕವಿ 'ಲೋಕೋಪಕಾರ' ಎಂಬ ಗ್ರಂಥ ಬರೆದ. ಶ್ರವಣಬೆಳಗೊಳದ ಚಾವುಂಡರಾಯನಲ್ಲ, ಇವನು ಬೇರೆ. ಬಾವಿಗೆ ನೀರು ನೋಡುವುದು, ಗಿಡಮರಗಳ ಆರೈಕೆ, ಅಡುಗೆ, ದನಕರುಗಳ ಔಷಧ, ಇವುಗಳ ಜೊತೆಗೆ ಸುಗಂಧದ್ರವ್ಯ ತಯಾರಿಸುವ ಬಗೆಯೂ ಅದರಲ್ಲಿದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಅರಸನ ಸ್ನಾನ, ಮೈಗೆ ಪೂಸುವ ಲೇಪನ ಎಲ್ಲಕ್ಕೂ ಬೇರೆಬೇರೆ ಭಾಗಗಳೇ ಇವೆ. ಹೆಸರನ್ನು ಗಮನಿಸಿ, ಮಾನಸೋಲ್ಲಾಸ, ಮನಸ್ಸಿಗೆ ಉಲ್ಲಾಸ. ಇನ್ನು ನಮ್ಮ ಕೆಳದಿಯ ಬಸವಪ್ಪನಾಯಕ 1709ರಲ್ಲಿ 'ಶಿವತತ್ತ್ವರತ್ನಾಕರ' ಎಂಬ ಸಂಸ್ಕೃತ ವಿಶ್ವಕೋಶವನ್ನೇ ರಚಿಸಿದ. ರಾಜನೀತಿಯಿಂದ ಹಿಡಿದು ಪಾಕದವರೆಗೆ ಅದರಲ್ಲಿ ಇಲ್ಲದ್ದಿಲ್ಲ.

ಈ ಗ್ರಂಥಗಳ ಬಗ್ಗೆ ನನಗೆ ಗೌರವವಿದೆ. ಆದರೂ ಒಂದು ಪ್ರಶ್ನೆ. ಅರಸನಿಗೆ ಎಣ್ಣೆ ಹಚ್ಚಿ, ಮೈಯೊತ್ತಿ, ನೀರೆರೆದ ಕೈಗಳು ಯಾರವು? ಆ ಕೈಗಳು ಮನೆಗೆ ಹೋದ ಮೇಲೆ ಅವುಗಳ ದಣಿವಿಗೆ ಎಣ್ಣೆ ಸಿಕ್ಕಿತೇ? ಅದನ್ನು ಯಾರೂ ಬರೆದಿಲ್ಲ. ಬಿದನೂರಿನ ಅರಮನೆಯ ಅಡಿಪಾಯದ ಕಲ್ಲುಗಳನ್ನು ಇವತ್ತೂ ನಗರದಲ್ಲಿ ನೋಡಬಹುದು. ಊರ ಹೆಂಗಸರ ಬಚ್ಚಲಿನ ಕುರುಹು ಎಲ್ಲೂ ಇಲ್ಲ. ಅದು ಉಳಿದಿರುವುದು ಬಾಯಿಂದ ಬಾಯಿಗೆ ಬಂದ ಎಣ್ಣೆ ಕಾಯಿಸುವ ಕ್ರಮದಲ್ಲಿ ಮಾತ್ರ.

ನಮ್ಮ ದೊಡ್ಡಮ್ಮ ಎಣ್ಣೆ ಕಾಯಿಸುವುದನ್ನು ನೋಡಿಯೇ ನಾನು ಕಲಿತೆ. ಗದ್ದೆಯ ಅಂಚಿನ ಒಂದೆಲಗ, ಗರುಗದ ಸೊಪ್ಪು, ಒಂದು ಹಿಡಿ ಕರಿಬೇವು, ಬಿಳಿ ದಾಸವಾಳದ ಎಲೆ, ಸ್ವಲ್ಪ ಮೆಂತ್ಯ. ಎಲ್ಲವನ್ನೂ ಒರಳಲ್ಲಿ ಅರೆದು, ರಸವನ್ನು ಕೊಬ್ಬರಿ ಎಣ್ಣೆಗೆ ಬೆರೆಸಿ ಸಣ್ಣ ಉರಿಯಲ್ಲಿ ಇಡುತ್ತಿದ್ದಳು. ಮೊದಲು ಚಟಚಟ ಸದ್ದು, ಆಮೇಲೆ ನೊರೆ. ನೀರಿನಂಶ ಆರುತ್ತ ಬಂದಂತೆ ಸದ್ದು ಅಡಗಿ, ತಳದ ಸೊಪ್ಪು ಗರಿಗರಿಯಾಗುತ್ತದೆ. ಪಾಕ ಬಂತೇ ಇಲ್ಲವೇ ಎಂದು ನೋಡಲು ಬತ್ತಿಯ ತುದಿ ಅದ್ದಿ ದೀಪಕ್ಕೆ ಹಿಡಿಯುತ್ತಿದ್ದಳು. ಸಿಡಿಯದೆ ಉರಿದರೆ ನೀರು ಪೂರ್ತಿ ಹೋಗಿದೆ ಎಂದು ಅರ್ಥ. ಇಳಿಸಿ ಬಿಸಿ ಕಡಿಮೆಯಾದ ಮೇಲೆ ನಾಲ್ಕು ಲಾವಂಚದ ಬೇರು ಹಾಕಿ ಮುಚ್ಚಿಡುತ್ತಿದ್ದಳು. ಬಿಸಿಯಲ್ಲಿ ಹಾಕಿದರೆ ಕಂಪು ಹಾರಿಹೋಗುತ್ತದೆ ಎಂಬ ರಸಾಯನಶಾಸ್ತ್ರ ಅವಳಿಗೆ ಯಾವ ಕಾಲೇಜಿನಲ್ಲೂ ಹೇಳಿಕೊಟ್ಟದ್ದಲ್ಲ.

ಇಲ್ಲಿ ಒಂದು ವ್ಯತ್ಯಾಸವನ್ನು ತಿಳಿದಿರಬೇಕು. ದೊಡ್ಡಮ್ಮನದು ಸೊಪ್ಪು ಬೇರುಗಳ ಸಾರ ಇಳಿದ ಕೊಬ್ಬರಿ ಎಣ್ಣೆ. ಅಂಗಡಿಯ ಬಾಟಲಿಯಲ್ಲಿರುವುದು ಹೂವು, ಎಲೆ, ಕಟ್ಟಿಗೆಯನ್ನು ಹಬೆಗೆ ಒಡ್ಡಿ, ಆ ಹಬೆಯನ್ನು ತಣಿಸಿ, ನೀರಿನ ಮೇಲೆ ತೇಲಿದ್ದನ್ನು ಬೇರ್ಪಡಿಸಿ ತೆಗೆದ ತೈಲ. ಮಣಗಟ್ಟಲೆ ಸೊಪ್ಪಿನ ಕಂಪು ಒಂದು ಬಾಟಲಿಯೊಳಗೆ ಕೂತಿರುತ್ತದೆ. ಮೊದಲನೆಯದನ್ನು ಬೊಗಸೆಯಲ್ಲಿ ತಲೆಗೆ ಸುರಿದುಕೊಳ್ಳಬಹುದು. ಎರಡನೆಯದನ್ನು ಹನಿ ಲೆಕ್ಕದಲ್ಲಿ, ಬೇರೆ ಎಣ್ಣೆಗೆ ಬೆರೆಸಿಯೇ ಮುಟ್ಟಬೇಕು.

ನಮ್ಮ ಕಡೆ ಎಣ್ಣೆಯ ದೊಡ್ಡ ಹಬ್ಬ ದೀಪಾವಳಿ. ತ್ರಯೋದಶಿಯ ಸಂಜೆ ನೀರು ತುಂಬುವ ಶಾಸ್ತ್ರ. ಹಂಡೆ ತೊಳೆದು, ಕೆಮ್ಮಣ್ಣು ಸುಣ್ಣ ಬಳಿದು, ಹೂವು ಬಳ್ಳಿ ಸುತ್ತಿ ಪೂಜೆ. ಚತುರ್ದಶಿಯ ಬೆಳಗಿನ ಜಾವ ಎಲ್ಲರಿಗೂ ಅಭ್ಯಂಜನ. ಎಣ್ಣೆಯ ಜಿಡ್ಡು ತೆಗೆಯಲು ಸೀಗೆ, ಅಂಟುವಾಳ, ಇಲ್ಲವೇ ಮತ್ತಿಯ ಸೊಪ್ಪಿನ ಗಂಪು. ಆದರೆ ಸ್ನಾನದ ಸರದಿಯನ್ನು ನೀವು ಬಲ್ಲಿರಿ. ಮೊದಲು ಗಂಡಸರು, ಆಮೇಲೆ ಮಕ್ಕಳು, ಆಮೇಲೆ ಮನೆಗೆ ಬಂದ ಅಳಿಯ. ಎಲ್ಲರ ತಲೆಗೂ ಎಣ್ಣೆ ಹಚ್ಚಿ, ಒಲೆಗೆ ಸೌದೆ ಒಟ್ಟಿ, ನಡುವೆ ಕಡುಬಿನ ಹಿಟ್ಟು ತೊಳಸಿ, ಕೊನೆಗೆ ಹೆಂಗಸರ ಪಾಳಿ ಬರುವ ಹೊತ್ತಿಗೆ ಹಂಡೆಯ ನೀರು ಉಗುರು ಬೆಚ್ಚಗೆ. "ನೀನೂ ಒಂದು ಗಳಿಗೆ ಕೂತ್ಕ ಮಾರಾಯ್ತಿ, ತಲೆಗೆ ಎಣ್ಣೆ ಒತ್ತಿಕೊಡ್ತೆ" ಎಂದು ಒಬ್ಬ ಹೆಂಗಸು ಇನ್ನೊಬ್ಬ ಹೆಂಗಸಿಗೆ ಹೇಳಿದರೆ ಮಾತ್ರ ಅವಳಿಗೆ ಹಬ್ಬ.

ಹೆಣ್ಣಿಗೆ ಎಣ್ಣೆ ಪೂರ್ತಿ ದಕ್ಕುತ್ತಿದ್ದ ಕಾಲವೆಂದರೆ ಬಾಣಂತನ. ಎರೆಯುವವಳು ದಿನಾ ಬರುತ್ತಿದ್ದಳು. ಮಗುವನ್ನು ನೀಡಿದ ಕಾಲುಗಳ ಮೇಲೆ ಮಲಗಿಸಿಕೊಂಡು ಎಣ್ಣೆ ಸವರುವುದು, ಆಮೇಲೆ ತಾಯಿಗೆ ಸೊಂಟ ಬೆನ್ನು ಒತ್ತಿ ಹಂಡೆಗಟ್ಟಲೆ ಬಿಸಿನೀರು ಹೊಯ್ಯುವುದು. ಹೆರಿಗೆಯ ನಂತರ ಕೆಲವರಿಗೆ ಕಾರಣವಿಲ್ಲದೆ ಅಳು ಬರುತ್ತದೆ. ಮಗುವಿನ ಮುಖ ನೋಡಲೂ ಬೇಡವೆನ್ನಿಸುತ್ತದೆ. ಇದೊಂದು ಕಾಯಿಲೆ, ಔಷಧವಿದೆ ಎಂದು ಇಂದು ವೈದ್ಯರು ಹೇಳುತ್ತಾರೆ. ಆ ಕಾಲದಲ್ಲಿ ಅದಕ್ಕೆ ಹೆಸರಿರಲಿಲ್ಲ. ಬಚ್ಚಲ ಹೊಗೆಯಲ್ಲಿ, ನೀರು ಸುರಿಯುವ ಸದ್ದಿನಲ್ಲಿ ಯಾರಿಗೂ ಕೇಳದಂತೆ ಅತ್ತು ಮುಗಿಸಬಹುದಿತ್ತು. ಕೇಳಿಸುತ್ತಿದ್ದುದು ಎರೆಯುವವಳಿಗೆ ಒಬ್ಬಳಿಗೇ. ಹೊಸನಗರದಲ್ಲಿ ನಮ್ಮ ಬಾಡಿಗೆ ಮನೆಯ ಹತ್ತಿರ ಅಂಥ ಒಬ್ಬಾಕೆ ಇದ್ದಳು. "ಅಮ್ಮಾ, ಈ ಹುಡುಗಿ ಮೈ ಇನ್ನೂ ಸೋತಿಲ್ಲ, ಮನಸ್ಸು ಸೋತದೆ. ಒಂದು ತಿಂಗಳು ಕೆಲಸಕ್ಕೆ ಹಚ್ಚಬೇಡಿ" ಎಂದು ಅತ್ತೆಯಂದಿರಿಗೆ ನೇರವಾಗಿ ಹೇಳಿಬಿಡುತ್ತಿದ್ದಳು. ಅವಳ ಮಾತನ್ನು ಯಾರೂ ತೆಗೆದುಹಾಕುತ್ತಿರಲಿಲ್ಲ.

ಒಂದು ದಿನ ಅವಳನ್ನೇ ಕೇಳಿದೆ, "ನಿನ್ನ ಬಾಣಂತನದಲ್ಲಿ ನಿನಗೆ ಎರೆದವರು ಯಾರು?" ಅವಳು ನಕ್ಕು, "ನಂಗೆ ಯಾರು ಎರೀತಾರೆ ಟೀಚರಮ್ಮ? ಹನ್ನೊಂದನೇ ದಿನ ಕೊನೆ ಕೊಯ್ಲಿಗೆ ಅಡಿಕೆ ಸುಲಿಯೋಕೆ ಹೋದೆ" ಎಂದಳು. ಅಡಿಕೆ ಸುಲಿಯುವುದೆಂದರೆ ಮೆಟ್ಟುಗತ್ತಿಯ ಮುಂದೆ ನಡುರಾತ್ರಿಯವರೆಗೆ ಕೂರುವುದು, ಚೊಗರಿನಿಂದ ಬೆರಳು ಕರ್‍ರಗಾಗುವುದು, ಬೆನ್ನು ನೆಟ್ಟಗಾಗದಿರುವುದು. ಅರಮನೆಯ ಬಗ್ಗೆ ಮೇಲೆ ನಾನು ಕೇಳಿದ ಪ್ರಶ್ನೆಗೆ ಉತ್ತರ ನಮ್ಮ ಕೇರಿಯಲ್ಲೇ ಸಿಕ್ಕಿತ್ತು.

ಇನ್ನು ಗಂಧದ ಕತೆ. ಶ್ರೀಗಂಧದ ಮರ ಅರೆಪರಾವಲಂಬಿ. ಪಕ್ಕದ ಗಿಡಗಳ ಬೇರಿನಿಂದ ಒಂದಿಷ್ಟು ಆಹಾರ ಹೀರಿಕೊಂಡೇ ಬೆಳೆಯುತ್ತದೆ. ಹಕ್ಕಿ ಹಣ್ಣು ತಿಂದು ಬೀಜ ಬೀಳಿಸಿದಲ್ಲಿ, ಬೇಲಿಯ ಸಂದಿಯಲ್ಲಿ ತಾನಾಗಿಯೇ ಏಳುತ್ತದೆ. ಎಣ್ಣೆ ಇರುವುದು ಚೇಗಿನಲ್ಲಿ ಮತ್ತು ಬೇರಿನಲ್ಲಿ. ಅದು ಚೆನ್ನಾಗಿ ಬಲಿಯಲು ದಶಕಗಳೇ ಬೇಕು. 1792ರಲ್ಲಿ ಟಿಪ್ಪು ಸುಲ್ತಾನ್ ಅದನ್ನು ರಾಜವೃಕ್ಷವೆಂದು ಘೋಷಿಸಿದ. ಮೈಸೂರು ಅರಸರ ಕಾಲದಲ್ಲೂ, ಸ್ವಾತಂತ್ರ್ಯ ಬಂದ ಮೇಲೂ ಅದೇ ಕಾನೂನಿನ ನೆರಳು ಮುಂದುವರಿಯಿತು. ನಿಮ್ಮ ಹಿತ್ತಲಿನಲ್ಲಿ ಹುಟ್ಟಿದರೂ ಮರ ಸರ್ಕಾರದ್ದು. ಕಳ್ಳರು ಕಡಿದುಕೊಂಡು ಹೋದರೆ ವಿಚಾರಣೆ ಮಾತ್ರ ನಿಮಗೆ. ಹಾಗಾಗಿ ಬೇಲಿಯಲ್ಲಿ ಗಂಧದ ಸಸಿ ಕಂಡರೆ ಸದ್ದಿಲ್ಲದೆ ಕಿತ್ತು ಒಲೆಗೆ ಹಾಕುವ ಹಿರಿಯರಿದ್ದರು. ದೇವರ ಮನೆಯಲ್ಲಿ ಸಾಣೆಕಲ್ಲಿನ ಮೇಲೆ ತೇಯುವ ಕೊರಡಿಗೆ ಕೈಮುಗಿಯುವವರೇ ಅಂಗಳದ ಗಿಡಕ್ಕೆ ಹೆದರುತ್ತಿದ್ದರು. 2001ರಲ್ಲಿ ಕರ್ನಾಟಕದ ಅರಣ್ಯ ಕಾಯಿದೆಗೆ ತಿದ್ದುಪಡಿಯಾದ ಮೇಲೆ ಜಮೀನಿನ ಒಡೆಯನೇ ಮರದ ಒಡೆಯನಾದ. ಕಡಿಯಲು, ಮಾರಲು ನಿಯಮಗಳು ಉಳಿದವು.

ಎಣ್ಣೆಯ ಕಾರ್ಖಾನೆ ಹುಟ್ಟಿದ್ದು ಒಂದು ಯುದ್ಧದಿಂದ. ಮೈಸೂರು ಸಂಸ್ಥಾನ ಗಂಧದ ಕೊರಡುಗಳನ್ನು ಹರಾಜು ಹಾಕುತ್ತಿತ್ತು. ಅವು ಹಡಗೇರಿ ಯುರೋಪಿಗೆ, ಅದರಲ್ಲೂ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿದ್ದವು. ಆಗ ಅಲ್ಲಿ ಗಂಧದೆಣ್ಣೆ ಬರೀ ಅತ್ತರಿಗಲ್ಲ, ಮೂತ್ರದ ಹಾದಿಯ ಕಾಯಿಲೆಗಳಿಗೆ ಔಷಧವೂ ಆಗಿತ್ತು. 1914ರಲ್ಲಿ ಮಹಾಯುದ್ಧ ಶುರುವಾಗಿ ವ್ಯಾಪಾರ ನಿಂತಾಗ ಕೊರಡುಗಳು ಕೊಳ್ಳುವವರಿಲ್ಲದೆ ರಾಶಿಬಿದ್ದವು. ನಾಲ್ವಡಿ ಕೃಷ್ಣರಾಜ ಒಡೆಯರು ಅರಸರು, ವಿಶ್ವೇಶ್ವರಯ್ಯ ದಿವಾನರು, ಆಲ್ಫ್ರೆಡ್ ಚಾಟರ್ಟನ್ ಕೈಗಾರಿಕೆಗಳ ನಿರ್ದೇಶಕರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಯೋಗ ನಡೆದು, 1916ರಲ್ಲಿ ಇಲ್ಲೇ ಎಣ್ಣೆ ಇಳಿಸಲಾಯಿತು. ಮೈಸೂರಿನಲ್ಲಿ ದೊಡ್ಡ ಕಾರ್ಖಾನೆ ಬಂತು. ಅದರ ಬೆನ್ನಿಗೆ, ಸೋಸಲೆ ಗರಳಪುರಿ ಶಾಸ್ತ್ರಿಗಳು ಇಂಗ್ಲೆಂಡಿಗೆ ಹೋಗಿ ಸೋಪು ಮಾಡುವ ವಿದ್ಯೆ ಕಲಿತು ಬಂದು, 1918ರ ಹೊತ್ತಿಗೆ ಮೈಸೂರು ಸ್ಯಾಂಡಲ್ ಸೋಪು ಬಂತು. 1944ರಲ್ಲಿ ನಮ್ಮ ಶಿವಮೊಗ್ಗದಲ್ಲೂ ಗಂಧದೆಣ್ಣೆಯ ಕಾರ್ಖಾನೆ ಶುರುವಾಯಿತು. 1980ರಲ್ಲಿ ಇವೆಲ್ಲ ಸೇರಿ ಸರ್ಕಾರಿ ಕಂಪೆನಿಯಾದವು.

ಹೀಗೆ ನಮ್ಮ ಕಾಡಿನ ಗಂಧ ನಮ್ಮ ಬಚ್ಚಲಿಗೆ ಬಂದದ್ದು ಸೋಪಿನ ರೂಪದಲ್ಲಿ, ಅದೂ ನೆಂಟರು ಬಂದಾಗ. ನಾನು ಚಿಕ್ಕವಳಿದ್ದಾಗ ಆ ಸೋಪಿನ ಖಾಲಿ ಡಬ್ಬಿಯನ್ನು ಅಮ್ಮ ಸೀರೆಗಳ ನಡುವೆ ಇಡುತ್ತಿದ್ದಳು. ಸಾಗರದ ಗುಡಿಗಾರರ ಮನೆಗಳಲ್ಲಿ ಗಂಧದ ಕೆತ್ತನೆಯ ಹೊಟ್ಟನ್ನೂ ಗುಡಿಸಿ ಕೂಡಿಡುತ್ತಿದ್ದರು; ಊದುಬತ್ತಿಗೆ ಬೆಲೆ ಬರುವ ವಸ್ತು ಅದು. ಕಣಜಗಟ್ಟಲೆ ಗಂಧ ಕಂಡ ಸೀಮೆಯ ಹೆಂಗಸರ ಪಾಲಿಗೆ ಬಂದದ್ದು ಹೊಟ್ಟು, ಡಬ್ಬಿ ಮತ್ತು ಪರಿಮಳ.

ಆದರೆ ಕಾನೂನು ಮುಟ್ಟದ ಕಂಪುಗಳೂ ಇದ್ದವು. ಒಣಗಿದಷ್ಟೂ ಪರಿಮಳ ಬಿಡದ ಸುರಗಿ, ನೆಲಕ್ಕೆ ಉದುರಿದ್ದನ್ನು ಆಯ್ದು ಪೋಣಿಸುವ ರಂಜ, ಟ್ರಂಕಿನ ತಳದ ಕೇದಗೆ, ಮಳೆಗಾಲದಲ್ಲಿ ಒಣಗದ ಬಟ್ಟೆಗೆ ತೋರಿಸುವ ಧೂಪ, ಕಾಡಿನ ಹಾಲುಮಡ್ಡಿ. ಸಾಗರದಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಮುಳುಗಡೆಯಿಂದ ಬಂದ ಅಜ್ಜಿಯೊಬ್ಬರಿದ್ದರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ನೀರು ನಿಂತಾಗ ಅವರ ಮನೆ, ತೋಟ, ಮನೆಯ ಮುಂದಿನ ಸುರಗಿಮರ ಎಲ್ಲ ಒಳಗೆ ಹೋದವು. ಲಾರಿಯಲ್ಲಿ ಸಾಮಾನು ಹೇರುವಾಗ ಗಂಡಸರು ಬಾಗಿಲುವಾಡ, ತೊಲೆ ಕಿತ್ತುಕೊಂಡರಂತೆ. ಅಜ್ಜಿ ಒಣ ಸುರಗಿಯ ಒಂದು ದಂಡೆಯನ್ನು ಎಣ್ಣೆಯ ಜಾಡಿಗೆ ಹಾಕಿಕೊಂಡು ಬಂದರಂತೆ. ಎಣ್ಣೆ ತೀರುತ್ತ ಬಂದ ಹಾಗೆ ಹೊಸ ಎಣ್ಣೆ ತುಂಬಿಸುತ್ತ ವರ್ಷಗಟ್ಟಲೆ ಇಟ್ಟುಕೊಂಡಿದ್ದರು. ನಾನು ನೋಡುವ ಹೊತ್ತಿಗೆ ನನ್ನ ಮೂಗಿಗೆ ಅದರಲ್ಲಿ ಕೊಬ್ಬರಿ ಎಣ್ಣೆಯ ಕಮಟು ಬಿಟ್ಟು ಬೇರೇನೂ ಇರಲಿಲ್ಲ. ಅವರಿಗೆ ಇತ್ತು. ನಿದ್ದೆ ಬಾರದ ರಾತ್ರಿ ಒಂದು ಬೆರಳು ಅದ್ದಿ ನೆತ್ತಿಗೆ ಸವರಿಕೊಳ್ಳುತ್ತಿದ್ದರು.

ಇದನ್ನು ಭ್ರಮೆ ಎಂದು ತಳ್ಳಿಹಾಕಬೇಕಾಗಿಲ್ಲ. ನೋಡಿದ್ದು, ಕೇಳಿದ್ದು ಮಿದುಳಿನ ಒಂದು ನಡುಮನೆಯನ್ನು ದಾಟಿಯೇ ಮುಂದೆ ಹೋಗುತ್ತದೆ. ವಾಸನೆಗೆ ಮಾತ್ರ ಒಳಕೋಣೆಗೆ ನೇರ ದಾರಿ. ಭಾವನೆ, ನೆನಪುಗಳನ್ನು ನೋಡಿಕೊಳ್ಳುವ ಭಾಗಗಳು ಅಲ್ಲೇ ಪಕ್ಕದಲ್ಲಿವೆ. ಅದಕ್ಕೇ ಒಂದು ಪರಿಮಳ ನಮ್ಮನ್ನು ಕ್ಷಣದಲ್ಲಿ ನಲವತ್ತು ವರ್ಷ ಹಿಂದಕ್ಕೆ ಒಯ್ಯುವುದು.

ಇದಕ್ಕೆ ಉಲ್ಟಾ ಸಂಗತಿಯೂ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಈ ಮೂರು ತಾಲ್ಲೂಕುಗಳನ್ನು ಬಿಟ್ಟಿಲ್ಲ. 2018-19ರ ಬೇಸಿಗೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಕಡೆ ಸಾವುಗಳಾದವು. ಉಣ್ಣೆ ಹತ್ತದಿರಲೆಂದು ಆರೋಗ್ಯ ಇಲಾಖೆಯವರು ಕೈಕಾಲಿಗೆ ಹಚ್ಚಲು ಡಿಎಂಪಿ ಎಣ್ಣೆ ಕೊಡುತ್ತಿದ್ದರು. ಈಚೆಗೆ ಡೆಪಾ ಎಣ್ಣೆ ಕೊಡುತ್ತಾರೆ. ಸೊಪ್ಪಿಗೆ, ದರಕಿಗೆ ಕಾಡಿಗೆ ಹೋಗುವವರು ಹೆಚ್ಚಾಗಿ ಹೆಂಗಸರೇ. ಆ ಎಣ್ಣೆ ಜೀವ ಕಾಯುವಂಥದ್ದು, ಹಚ್ಚಲೇಬೇಕು. ಆದರೆ ಅದರ ವಾಸನೆ ಬಂದರೆ ಎದೆ ಢವಗುಟ್ಟುತ್ತದೆ ಎಂದು ನನ್ನ ವಿದ್ಯಾರ್ಥಿನಿಯ ತಾಯಿ ಹೇಳಿದ್ದುಂಟು.

ಈಗ ಬಾಟಲಿಯ ವಿಚಾರಕ್ಕೆ ಬರೋಣ. 'ಅರೋಮಾಥೆರಪಿ' ಎಂಬ ಶಬ್ದವನ್ನು ಬಳಕೆಗೆ ತಂದವನು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ರೆನೆ ಮಾರಿಸ್ ಗಾಟ್‌ಫೋಸೆ. ಅವನ ಪುಸ್ತಕ ಬಂದದ್ದು 1937ರಲ್ಲಿ. 1910ರಲ್ಲಿ ಪ್ರಯೋಗಾಲಯದ ಅಪಘಾತದಲ್ಲಿ ಅವನ ಕೈ ಸುಟ್ಟು, ಗಾಯಕ್ಕೆ ಲ್ಯಾವೆಂಡರ್ ತೈಲ ಹಚ್ಚಿ ಗುಣ ಕಂಡನಂತೆ. ಆ ತೈಲಗಳನ್ನು ಬೇರೆ ಎಣ್ಣೆಗೆ ಬೆರೆಸಿ ಬೆನ್ನು ತಿಕ್ಕುವ ಕ್ರಮವನ್ನು ಯುರೋಪಿನಲ್ಲಿ ಬೆಳೆಸಿದವಳು ಮಾರ್ಗರಿಟ್ ಮೋರಿ ಎಂಬ ಹೆಣ್ಣುಮಗಳು. ನಮ್ಮ ಎರೆಯುವವಳ ಕೆಲಸಕ್ಕೆ ಅಲ್ಲಿ ಒಂದು ಹೆಸರು, ಒಂದು ಶುಲ್ಕ, ಒಂದು ಮರ್ಯಾದೆ ಸಿಕ್ಕಿತು ಎನ್ನೋಣ.

ಫಲವೆಷ್ಟು? ಲ್ಯಾವೆಂಡರಿನಂಥ ಕೆಲವು ಪರಿಮಳಗಳಿಂದ ಆತಂಕ ಸ್ವಲ್ಪ ಹೊತ್ತು ಕಡಿಮೆಯಾಗುವುದನ್ನು ಅಧ್ಯಯನಗಳು ಕಂಡಿವೆ. ಆದರೆ ಹೆಚ್ಚಿನವು ಸಣ್ಣ ಅಧ್ಯಯನಗಳು. ಮಾತ್ರೆಯನ್ನಾದರೆ ಗುಟ್ಟಾಗಿ ಬದಲಾಯಿಸಿ ಪರೀಕ್ಷಿಸಬಹುದು, ಪರಿಮಳವನ್ನು ಮೂಗಿನಿಂದ ಮುಚ್ಚಿಡುವುದು ಹೇಗೆ? ಹಾಗಾಗಿ ಎಷ್ಟು ಎಣ್ಣೆಯ ಗುಣ, ಎಷ್ಟು ತಿಕ್ಕಿದ ಕೈಯ ಗುಣ ಎಂದು ಬಿಡಿಸಿ ಹೇಳುವುದು ಕಷ್ಟ. ಬಳಸುವವರು ಇಷ್ಟು ನೆನಪಿಡಿ: ಹತ್ತು ಮಿಲಿಲೀಟರ್ ಕೊಬ್ಬರಿ ಅಥವಾ ಎಳ್ಳೆಣ್ಣೆಗೆ ಮೂರು ನಾಲ್ಕು ಹನಿ ಸಾಕು. ಕುಡಿಯಬಾರದು, ಕಣ್ಣಿಗೆ ತಾಗಿಸಬಾರದು. ಹಸುಗೂಸಿನ ಮೂಗಿಗೆ, ಎದೆಗೆ ಕರ್ಪೂರ, ನೀಲಗಿರಿ ಎಣ್ಣೆ ಹಚ್ಚಲೇಬಾರದು. ಫಿಟ್ಸ್ ಬರುವ, ಉಸಿರು ಕಟ್ಟುವ ಅಪಾಯವಿದೆ. ಬಸುರಿಯರು, ಉಬ್ಬಸದವರು ಡಾಕ್ಟರನ್ನು ಕೇಳಿಯೇ ಮುಂದುವರಿಯಬೇಕು. ಬಾಣಂತಿ ಕೋಣೆ ಮುಚ್ಚಿ ಸಾಂಬ್ರಾಣಿ ಹೊಗೆ ಹಾಕುವ ಪದ್ಧತಿಯೂ ಕೂಸಿನ ಉಸಿರಿಗೆ ಒಳ್ಳೆಯದಲ್ಲ. ಹಳೆಯದೆಲ್ಲ ಚಿನ್ನವೆಂದು ನಾನು ಹೇಳುತ್ತಿಲ್ಲ.

ಮುಖ್ಯವಾಗಿ, ಎರಡು ವಾರ ಕಳೆದರೂ ನಿದ್ದೆಯಿಲ್ಲ, ಊಟ ಸೇರದು, ಬದುಕೇ ಬೇಡ ಎನ್ನಿಸಿದರೆ ಯಾವ ಎಣ್ಣೆಯನ್ನೂ ನಂಬಿ ಕೂರಬೇಡಿ. ಶಿವಮೊಗ್ಗದ ಮನೋವೈದ್ಯ ಡಾ. ಅಶೋಕ ಪೈ ಅವರು 2016ರಲ್ಲಿ ತೀರಿಕೊಳ್ಳುವವರೆಗೂ, ಮನಸ್ಸಿನ ಕಾಯಿಲೆಯೂ ಕಾಯಿಲೆಯೇ, ನಾಚಿಕೆ ಬೇಡ ಎಂಬುದನ್ನು ಕನ್ನಡದಲ್ಲಿ ಬರೆದು, ಸಿನಿಮಾ ಮಾಡಿ ತಿಳಿಸಿದವರು. ಅಷ್ಟು ಹತ್ತಿರದಲ್ಲಿ ಅಂಥವರಿದ್ದ ಸೀಮೆಯಲ್ಲೂ ಹೆಂಗಸರ ಬೇಸರವನ್ನು 'ಮೈಗಳ್ಳತನ' ಎಂದು ಕರೆಯುವ ಬಾಯಿಗಳು ಮುಚ್ಚಿಲ್ಲ.

ನಮ್ಮ ಕಿರಿಯ ಟೀಚರುಗಳಿಗೆ ನಾನು ಹೇಳುವುದಿಷ್ಟೇ. ಬಾಟಲಿ ತಂದುಕೊಳ್ಳಿ, ತಪ್ಪಿಲ್ಲ. ಆದರೆ ಬಾಟಲಿಯ ಜೊತೆಗೆ ಭಾನುವಾರದ ಅರ್ಧ ಗಂಟೆಯನ್ನೂ ಮನೆಯವರಿಂದ ಕೇಳಿ ತೆಗೆದುಕೊಳ್ಳಿ. ಹಂಡೆಯ ಮೊದಲ ಬಿಸಿನೀರು ಒಮ್ಮೆಯಾದರೂ ನಿಮಗಿರಲಿ. ಮತ್ತೆ, ನಿಮ್ಮ ಮನೆಗೆ ಪಾತ್ರೆ ತೊಳೆಯಲು, ಅಡಿಕೆ ಸುಲಿಯಲು, ಬಾಣಂತಿಗೆ ಎರೆಯಲು ಬರುವವಳಿಗೆ ದೀಪಾವಳಿಯಲ್ಲಿ ಸೀರೆ ಕೊಡುವಾಗ ಒಂದು ಬಾಟಲಿ ಕಾಯಿಸಿದ ಎಣ್ಣೆಯನ್ನೂ ಕೊಡಿ. ಮರುದಿನ ಕೆಲಸಕ್ಕೆ ಬರಬೇಡ ಎಂದೂ ಹೇಳಿ. ಹೊಸನಗರದ ಆ ಎರೆಯುವಾಕೆಗೆ ಈಗ ಎಪ್ಪತ್ತು ದಾಟಿದೆ. ಆಸ್ಪತ್ರೆಯ ಹೆರಿಗೆ ಬಂದು ಅವಳ ಕಸುಬು ಹೆಚ್ಚುಕಡಿಮೆ ನಿಂತಿದೆ. ಕಳೆದ ವರ್ಷ ಅವಳ ಮೊಮ್ಮಗಳ ಬಾಣಂತನವಾಯಿತು. ನಲವತ್ತು ದಿನವೂ ತಾನೇ ಎರೆದಳಂತೆ.